ಕೇಂದ್ರ ಮುಟ್ಟದೆ ವೃತ್ತ ಅಳೆಯುವುದು ಹೇಗೆ?

ಅಶ್ವತ್ಥಕಟ್ಟೆಯ ಕೇಂದ್ರ ಎಲ್ಲಿದೆ? ಮರದ ಕಾಂಡದ ಒಳಗೆ. ಬಾವಿಯ ಕೇಂದ್ರ? ನೀರಿನ ಮೇಲೆ, ಗಾಳಿಯಲ್ಲಿ. ಬೇಕಲ ಕೋಟೆಯ ದುಂಡು ಕೊತ್ತಳಗಳಲ್ಲಂತೂ ಪೂರ್ತಿ ವೃತ್ತವೇ ಇಲ್ಲ. ಗೋಡೆಯಿಂದ ಹೊರಗೆ ಉಬ್ಬಿ ನಿಂತ ಕಂಸ ಮಾತ್ರ ಇದೆ.

ನೋಟ್‌ಬುಕ್ಕಿನಲ್ಲಿ ನಾವು ಮೊದಲು ಕೇಂದ್ರ ಗುರುತು ಮಾಡುತ್ತೇವೆ, ಆಮೇಲೆ ಕೈವಾರ ತಿರುಗಿಸುತ್ತೇವೆ. ಊರಿನ ವೃತ್ತಗಳು ಹಾಗಲ್ಲ. ಅಲ್ಲಿ ಕೈಗೆ ಸಿಗುವುದು ಅಂಚು. ಕೇಂದ್ರವನ್ನು, ತ್ರಿಜ್ಯವನ್ನು ನಾವೇ ಹುಡುಕಿಕೊಳ್ಳಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುವವರಿಗೆ ವೃತ್ತಗಳ ಪಾಠ ಇದ್ದೇ ಇದೆ. ತುಂಬಾ ಮಕ್ಕಳು ಅದರ ಪ್ರಮೇಯಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುತ್ತಾರೆ. ಅದು ಬೇಡ. ಈ ಪಾಠದ ಹೆಚ್ಚಿನ ಸಂಗತಿಗಳು ಒಂದೇ ಮಾತಿನಿಂದ ಹುಟ್ಟುತ್ತವೆ: ಒಂದು ವೃತ್ತದ ತ್ರಿಜ್ಯಗಳೆಲ್ಲ ಸಮ. ಇದನ್ನು ಬಿಗಿಯಾಗಿ ಹಿಡಿದುಕೊಂಡರೆ ಸಾಕು, ಉಳಿದದ್ದನ್ನು ಪರೀಕ್ಷೆಯ ಹಾಲ್‌ನಲ್ಲಿ ಕೂತೇ ಕಟ್ಟಿಕೊಳ್ಳಬಹುದು.

ಮೊದಲು ಕಾಗದದ ಮೇಲೆ

ಒಂದು ಸ್ಟೀಲ್ ಲೋಟವನ್ನು ಬೋರಲು ಹಾಕಿ ಅದರ ಸುತ್ತ ಪೆನ್ಸಿಲ್ ಓಡಿಸಿ. ವೃತ್ತ ಬಂತು, ಕೇಂದ್ರ ಗೊತ್ತಿಲ್ಲ. ಈಗ ಅಂಚಿನಿಂದ ಅಂಚಿಗೆ ಒಂದು ಜ್ಯಾ ಎಳೆಯಿರಿ. ಕೈವಾರವನ್ನು ಜ್ಯಾದ ಅರ್ಧಕ್ಕಿಂತ ಜಾಸ್ತಿ ಅಗಲಿಸಿ. ಎರಡೂ ತುದಿಯಿಂದ ಜ್ಯಾದ ಆಚೆ ಈಚೆ ಕಂಸಗಳನ್ನು ಹಾಕಿ. ಕಂಸಗಳು ಸೇರುವ ಎರಡು ಬಿಂದುಗಳ ಮೂಲಕ ಗೆರೆ ಎಳೆದರೆ ಅದು ಜ್ಯಾದ ಲಂಬ ಸಮದ್ವಿಭಾಜಕ. ಕೇಂದ್ರ ಈ ಗೆರೆಯ ಮೇಲೆ ಎಲ್ಲೋ ಇದೆ. ಯಾಕೆ? ಜ್ಯಾದ ಎರಡೂ ತುದಿಗೆ ಕೇಂದ್ರದಿಂದ ಒಂದೇ ದೂರ. ಎರಡು ಬಿಂದುಗಳಿಗೆ ಸಮ ದೂರದಲ್ಲಿರುವ ಜಾಗವೆಲ್ಲ ಈ ಗೆರೆಯ ಮೇಲೇ ಇರುತ್ತದೆ.

ಇನ್ನೊಂದು ಜ್ಯಾಕ್ಕೂ ಹೀಗೇ ಮಾಡಿ. ಎರಡು ಗೆರೆ ಸೇರುವಲ್ಲಿ ಕೇಂದ್ರ. ಎರಡು ಜ್ಯಾಗಳನ್ನೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಎಳೆಯಬೇಡಿ. ಆಗ ಗೆರೆಗಳು ಬಹಳ ಓರೆಯಾಗಿ ಸೇರುತ್ತವೆ, ಬಿಂದು ಎಲ್ಲಿದೆ ಎಂದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ.

ಕೈವಾರ ಇಲ್ಲವಾ? ಕಾಗದದ ಮೂಲೆ ಸಾಕು. ಒಂದು ಕಾಗದವನ್ನು ಮಡಚಿ. ಆ ಮಡಿಕೆಯ ಗೆರೆ ತನ್ನ ಮೇಲೆ ತಾನೇ ಕೂರುವ ಹಾಗೆ ಇನ್ನೊಮ್ಮೆ ಮಡಚಿ. ಸಿಕ್ಕಿದ ಮೂಲೆ 90 ಡಿಗ್ರಿ. ಮೂಲೆಯ ತುದಿಯನ್ನು ವೃತ್ತದ ಅಂಚಿನ ಮೇಲೆ ಇಡಿ. ಮೂಲೆಯ ಎರಡು ಬದಿಗಳು ವೃತ್ತವನ್ನು ದಾಟುವ ಬಿಂದುಗಳನ್ನು ಗುರುತಿಸಿ ಸೇರಿಸಿ. ಅದೇ ವ್ಯಾಸ. ಮೂಲೆಯನ್ನು ಬೇರೆ ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆಯಿರಿ. ಎರಡೂ ಸೇರುವುದು ಕೇಂದ್ರದಲ್ಲಿ.

ಅರ್ಧವೃತ್ತದ ಕೋನ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾಠದ ಜೀವಾಳ ಇದೇ.

ವ್ಯಾಸದ ತುದಿಗಳು ಕ, ಖ ಇರಲಿ. ಕೇಂದ್ರ ಮ. ವೃತ್ತದ ಮೇಲೆ ಎಲ್ಲಾದರೂ ಒಂದು ಬಿಂದು ಪ. ಈಗ ಮ ಮತ್ತು ಪ ಸೇರಿಸಿ. ಈ ಒಂದು ಗೆರೆ ಎಳೆಯುವುದೇ ಮುಖ್ಯ. ದೊಡ್ಡ ತ್ರಿಕೋನ ಎರಡಾಯಿತು. ಎಡಗಡೆಯದರಲ್ಲಿ ಮಕ, ಮಪ ಎರಡೂ ತ್ರಿಜ್ಯ. ಹಾಗಾಗಿ ಕ ಮೂಲೆಯ ಕೋನ ಎಷ್ಟೋ, ಪ ಮೂಲೆಯಲ್ಲಿ ಈ ಕಡೆಯ ಕೋನವೂ ಅಷ್ಟೇ. ಬಲಗಡೆಯದರಲ್ಲೂ ಹಾಗೇ: ಖ ಮೂಲೆಯದು ಎಷ್ಟೋ, ಪ ಮೂಲೆಯಲ್ಲಿ ಆ ಕಡೆಯದೂ ಅಷ್ಟೇ. ಅಂದರೆ ಕ ಮತ್ತು ಖ ಕೋನಗಳ ಮೊತ್ತ ಪ ಕೋನಕ್ಕೆ ಸಮ. ಮೂರೂ ಸೇರಿ 180. ಆದ್ದರಿಂದ ಪ ಕೋನ 90.

ಪ ಬಿಂದು ವೃತ್ತದ ಒಳಗಿದ್ದರೆ ಕೋನ 90ಕ್ಕಿಂತ ಜಾಸ್ತಿ, ಹೊರಗಿದ್ದರೆ ಕಡಿಮೆ. ಕಂಸದ ಕೇಂದ್ರಕೋನ ಅದೇ ಕಂಸವು ವೃತ್ತದ ಮೇಲೆ ಉಂಟುಮಾಡುವ ಕೋನದ ಎರಡರಷ್ಟು ಎಂಬ ಪ್ರಮೇಯವೂ ಇದೇ ತ್ರಿಜ್ಯ ಎಳೆಯುವ ಉಪಾಯದಿಂದ ಬರುತ್ತದೆ. ಒಮ್ಮೆ ನೀವೇ ಮಾಡಿ ನೋಡಿ.

ಇನ್ನು ಕಟ್ಟೆಗೆ ಹೋಗೋಣ

ಕಟ್ಟೆಯ ಮೇಲೆ ಹತ್ತುವುದು ಬೇಡ, ಹೊರಗಿನಿಂದಲೇ ಅಳೆಯಬಹುದು. 2.4 ಮೀಟರ್ ಉದ್ದದ ನೇರ ಪಟ್ಟಿ ಬೇಕು. ಮೇಸ್ತ್ರಿಗಳ ಹತ್ತಿರ ಇರುವ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿದರೆ ತುಂಬಾ ಒಳ್ಳೆಯದು. ಬಿದಿರು ನೇರ ಕಂಡರೂ ಸ್ವಲ್ಪ ಬಾಗಿರುತ್ತದೆ. ಪಟ್ಟಿಯ ನಡುವೆ ಗುರುತು ಹಾಕಿ, ಆ ಗುರುತು ಕಟ್ಟೆಯ ಗೋಡೆಗೆ ತಾಗುವಂತೆ ಅಡ್ಡಲಾಗಿ ಹಿಡಿಯಿರಿ. ಈಗ ಪಟ್ಟಿ ಕಟ್ಟೆಗೆ ಸ್ಪರ್ಶಕ. ಎರಡೂ ತುದಿಯಲ್ಲಿ ಪಟ್ಟಿಗೂ ಗೋಡೆಗೂ ನಡುವಿನ ಅಂತರವನ್ನು ಪಟ್ಟಿಗೆ ಲಂಬವಾಗಿ ಅಳೆಯಿರಿ. ಎರಡೂ ಸಮ ಇರಬೇಕು. ಇಲ್ಲದಿದ್ದರೆ ಪಟ್ಟಿ ಓರೆಯಾಗಿದೆ, ಸರಿ ಮಾಡಿ.

ಅಂತರ 30 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ಅಂದರೆ ಗೋಡೆಯ ಒಳಗೆ 2.4 ಮೀಟರಿನ ಒಂದು ಜ್ಯಾ ಇದೆ ಎಂದಾಯಿತು. ಅದರ ನಡುವಿನಿಂದ ಕಂಸಕ್ಕೆ ಇರುವ ಎತ್ತರ, ಅಂದರೆ ಶರ, 0.3 ಮೀಟರ್. ಶರವನ್ನು ಕೇಂದ್ರದ ಮೂಲಕ ಆಚೆ ಅಂಚಿನವರೆಗೆ ಬೆಳೆಸಿದರೆ ವ್ಯಾಸ. ಜ್ಯಾದ ಒಂದು ತುದಿಯನ್ನು ವ್ಯಾಸದ ಎರಡೂ ತುದಿಗೆ ಸೇರಿಸಿ. ಅಲ್ಲಿ ಆಗುವುದು ಅರ್ಧವೃತ್ತದ ಕೋನ, 90 ಡಿಗ್ರಿ. ಅರ್ಧ ಜ್ಯಾ ಆ ತ್ರಿಕೋನವನ್ನು ಎರಡು ಸಮರೂಪ ತ್ರಿಕೋನಗಳಾಗಿ ಒಡೆಯುತ್ತದೆ. ಬದಿಗಳ ಅನುಪಾತ ಬರೆದರೆ ಸಿಗುವುದು ಇದು: ವ್ಯಾಸದ ಎರಡು ತುಂಡುಗಳ ಗುಣಲಬ್ಧ, ಅರ್ಧ ಜ್ಯಾದ ವರ್ಗಕ್ಕೆ ಸಮ. ಆರ್ಯಭಟ ಕ್ರಿ.ಶ. 499ರ ಆರ್ಯಭಟೀಯದಲ್ಲಿ ಇದೇ ನಿಯಮವನ್ನು ಅರ್ಧ ಶ್ಲೋಕದಲ್ಲಿ ಹೇಳಿದ್ದಾನೆ.

ಲೆಕ್ಕ ಈಗ ಸುಲಭ. ಅರ್ಧ ಜ್ಯಾ 1.2, ಅದರ ವರ್ಗ 1.44. ಅದನ್ನು 0.3ರಿಂದ ಭಾಗಿಸಿದರೆ 4.8. ಇದು ವ್ಯಾಸದ ದೊಡ್ಡ ತುಂಡು. ಸಣ್ಣ ತುಂಡು 0.3 ಕೂಡಿಸಿ. ವ್ಯಾಸ 5.1 ಮೀಟರ್, ತ್ರಿಜ್ಯ 2.55. ಮರದ ಬುಡ ಮುಟ್ಟಲೇ ಇಲ್ಲ, ಅಲ್ವಾ?

ಬಾವಿಯ ಕಟ್ಟೆಗೂ ಇದೇ ದಾರಿ, ಬಗ್ಗಿ ನೋಡುವ ಅಪಾಯವಿಲ್ಲ. ಕೊತ್ತಳಕ್ಕೂ ಇದೇ. ಬೇಕಲ ಕೋಟೆ ಸಂರಕ್ಷಿತ ಸ್ಮಾರಕ, ಮುರಕಲ್ಲಿನ ಮೇಲೆ ಚಾಕ್‌ನಿಂದ ಗೀಚಬೇಡಿ. ಗುರುತೆಲ್ಲ ಪಟ್ಟಿಯ ಮೇಲೇ ಇರಲಿ.

ಅಳತೆ ಎಲ್ಲಿ ಕೈಕೊಡುತ್ತದೆ

ಮೇಲಿನ ಲೆಕ್ಕದಲ್ಲಿ 30ರ ಬದಲು 31 ಸೆಂಟಿಮೀಟರ್ ಎಂದು ಓದಿದರೆ ವ್ಯಾಸ ಸುಮಾರು 4.95 ಮೀಟರ್ ಬರುತ್ತದೆ. ಸುಮಾರು 15 ಸೆಂಟಿಮೀಟರ್ ವ್ಯತ್ಯಾಸ. ಆದರೆ ದೊಡ್ಡ ಕೊತ್ತಳದಲ್ಲಿ ಅದೇ ಪಟ್ಟಿಗೆ ಅಂತರ ಬರೀ 10 ಸೆಂಟಿಮೀಟರ್ ಬಂದರೆ? ವ್ಯಾಸ 14.5 ಮೀಟರ್. ಅದನ್ನು 11 ಎಂದು ಓದಿದರೆ ಸುಮಾರು 13.2. ಒಂದು ಸೆಂಟಿಮೀಟರ್ ತಪ್ಪಿಗೆ 1.3 ಮೀಟರ್ ಹೋಯಿತು! ಶರ ಸಣ್ಣದಾದಷ್ಟೂ ತಪ್ಪು ದೊಡ್ಡದಾಗುತ್ತದೆ. ವೃತ್ತ ದೊಡ್ಡದಿದ್ದರೆ ಪಟ್ಟಿಯೂ ಉದ್ದ ಇರಬೇಕು.

ಪೂರ್ತಿ ದುಂಡಗಿನ ಕಟ್ಟೆಯಾದರೆ ಉತ್ತರವನ್ನು ತಾಳೆ ನೋಡಬಹುದು. ಟೇಪಿನಿಂದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. ಪಟ್ಟಿಯನ್ನೂ ಬೇರೆ ಬೇರೆ ಮೂರು ಕಡೆ ಹಿಡಿದು ಅಳೆಯಿರಿ. ಒಂದು ಕಡೆ 5 ಮೀಟರ್, ಇನ್ನೊಂದು ಕಡೆ 6 ಮೀಟರ್ ಹೀಗೆ ಬಂದರೆ, ಒಮ್ಮೆ ಮತ್ತೆ ಅಳೆದು ನೋಡಿ. ಆಗಲೂ ಹಾಗೇ ಬಂದರೆ ತಪ್ಪು ನಿಮ್ಮ ಲೆಕ್ಕದ್ದಲ್ಲ, ಆ ಕಟ್ಟೆ ಸರಿಯಾದ ವೃತ್ತವೇ ಅಲ್ಲ.