ಬಸುರಿನಲ್ಲಿ ಬಿಪಿ ಏರಿದರೆ: ಅಳತೆ, ಗುಳಿಗೆ, ಆಸ್ಪತ್ರೆಯ ದಾರಿ

ಬಸುರಿನ ಬಿಪಿ ನೋಯುವುದಿಲ್ಲ. 150/100 ಇದ್ದರೂ ಹೆಣ್ಣುಮಗಳು ರೊಟ್ಟಿ ಬಡಿಯುತ್ತ ಕೂತಿರುತ್ತಾಳೆ, ಮನೆಯವರು ‘ಅರಾಮ್ ಇದ್ದಾಳ’ ಅಂದುಕೊಂಡಿರುತ್ತಾರೆ. ಹಾಗಾಗಿ ಇಲ್ಲಿ ನಂಬಬೇಕಾದದ್ದು ಅಂಕಿಯನ್ನು, ಮೈಯ ಅನಿಸಿಕೆಯನ್ನಲ್ಲ.

ಮೇಲಿನ ಅಂಕಿ 140 ಅಥವಾ ಕೆಳಗಿನದು 90, ಎರಡರಲ್ಲಿ ಒಂದು ಮುಟ್ಟಿದರೂ ಸಾಕು. ನಾಲ್ಕು ತಾಸು ಬಿಟ್ಟು ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಅದು ಬಿಪಿ. 20 ವಾರದೊಳಗೇ ಕಂಡರೆ ಬಹುಪಾಲು ಮೊದಲಿನಿಂದ ಇದ್ದದ್ದು. ಆಮೇಲೆ ಹೊಸದಾಗಿ ಬಂದರೆ ಬಸುರಿನದು. 160 ಅಥವಾ 110 ಮುಟ್ಟಿದರೆ 15 ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಇಳಿಯದಿದ್ದರೆ ಆ ಗಳಿಗೆಗೇ ಆಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಅನ್ನುವಂತಿಲ್ಲ.

ಅಳೆಯುವಾಗ ತಪ್ಪುವುದು ಎಲ್ಲಿ

ಬಿಸಿಲಲ್ಲಿ ನಡೆದು ಬಂದವರನ್ನು ಕೂಡಲೇ ಅಳೆದರೆ ಅಂಕಿ ಹೆಚ್ಚು ಬರುತ್ತದೆ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂಡಬೇಕು. ಹಿಂದಿನ ಅರ್ಧ ತಾಸು ಚಹಾ ಬೇಡ. ತೋಳು ಎದೆಯ ಮಟ್ಟಕ್ಕಿರಲಿ, ಮಷೀನಿನ ಪಟ್ಟಿ (ಕಫ್) ಕುಬುಸದ ತೋಳಿನ ಮೇಲೆ ಬೇಡ. ಎರಡು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ಎರಡನ್ನೂ ಬರೆದಿಡಿ.

ಪಟ್ಟಿಯ ಅಳತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾಡಿದ್ದು. ದಪ್ಪ ತೋಳಿಗೆ ಅದು ಚಿಕ್ಕದಾಗಿ ಬಿಪಿಯನ್ನು ಹೆಚ್ಚು ತೋರಿಸುತ್ತದೆ. ನಮ್ಮ ಕಡೆ ತೆಳುವಾದ ಹುಡುಗಿಯರೇ ಹೆಚ್ಚು. ಅವರಿಗೆ ದೊಡ್ಡದಾಗಿ ಕಡಿಮೆ ತೋರಿಸುತ್ತದೆ, ರೋಗ ಅಲ್ಲೇ ತಪ್ಪಿಸಿಕೊಳ್ಳುತ್ತದೆ. ಎಡ ಮಗ್ಗುಲಿಗೆ ಮಲಗಿಸಿ ಮೇಲಿನ ತೋಳಿನಲ್ಲಿ ನೋಡಿದರೂ ಸುಳ್ಳು ಇಳಿಕೆ ಸಿಗುತ್ತದೆ. ಮಣಿಕಟ್ಟಿನ ಮಷೀನು ಕೊಳ್ಳಲೇಬೇಡಿ.

ಪ್ರತಿ ಭೇಟಿಯಲ್ಲೂ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ ಕೇಳಿ ಮಾಡಿಸಿ. ಬಿಪಿಯ ಜೊತೆ ಪ್ರೋಟೀನ್ ಬಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ, ತಾಯಿಗೂ ಕೂಸಿಗೂ ಅಪಾಯ ತರುವ ಬಸುರಿನ ಬಿಪಿ ರೋಗ. ಪ್ರೋಟೀನ್ ಇಲ್ಲದೆಯೂ ಪ್ಲೇಟ್ಲೆಟ್ 1 ಲಕ್ಷಕ್ಕಿಂತ ಇಳಿದರೆ, ಲಿವರ್ ಅಥವಾ ಕಿಡ್ನಿ ಪರೀಕ್ಷೆ ಕೆಟ್ಟರೆ ಅದೇ ರೋಗ. ಅದಕ್ಕೇ ರಕ್ತವನ್ನೂ ಕೊಡಬೇಕು. ಬೇಸಿಗೆಯಲ್ಲಿ ಸಂಜೆ ಪಾದ ಬಾಯುವುದು ಸಾಮಾನ್ಯ. ಬೆಳಿಗ್ಗೆ ಎದ್ದಾಗ ಮುಖ, ಕೈ ಬಾತಿದ್ದರೆ ಅಂದೇ ಬಿಪಿ ನೋಡಿಸಿ.

ಗುಳಿಗೆ, ಊಟ

ವೈದ್ಯರು ಸಾಮಾನ್ಯವಾಗಿ ಕೊಡುವುದು ಲ್ಯಾಬೆಟಲಾಲ್, ನಿಧಾನವಾಗಿ ಕರಗುವ ನಿಫೆಡಿಪಿನ್ ಅಥವಾ ಮೀಥೈಲ್‌ಡೋಪಾ. ದಮ್ಮು ಇದ್ದವರು ಲ್ಯಾಬೆಟಲಾಲ್ ಬರೆಯುವ ಮೊದಲೇ ಅದನ್ನು ಹೇಳಬೇಕು. ನಿಫೆಡಿಪಿನ್ ಶುರುವಿನಲ್ಲಿ ತಲೆನೋವು ತರಬಹುದು. ಅದನ್ನು ಕಡಿದು ನುಂಗಬಾರದು, ಬಿಪಿ ಧಡ್ಡನೆ ಬಿದ್ದು ಕೂಸಿಗೆ ರಕ್ತ ಕಡಿಮೆಯಾಗುತ್ತದೆ. ಮನೆಯಲ್ಲಿ ಅತ್ತೆ ಮಾವ ನುಂಗುವ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್ ಮಾತ್ರ ಬಸುರಿಗೆ ಕೂಡದು, ಕೂಸಿನ ಕಿಡ್ನಿ ಕೆಡಿಸುತ್ತವೆ. ಮೊದಲಿನಿಂದ ಇವನ್ನೇ ನುಂಗುತ್ತಿದ್ದವರು ಬಸುರು ಗೊತ್ತಾದ ದಿನವೇ ವೈದ್ಯರಿಗೆ ತೋರಿಸಿ ಬದಲಿಸಿಕೊಳ್ಳಬೇಕು. ಗುರಿ ಸುಮಾರು 135/85. ಅಂಕಿ ಸರಿ ಬಂತೆಂದು ಗುಳಿಗೆ ಬಿಟ್ಟರೆ ಎರಡೇ ದಿನದಲ್ಲಿ ಮತ್ತೆ ಏರಬಹುದು. ಸರಿ ಬಂದದ್ದೇ ಗುಳಿಗೆಯಿಂದ. 110/70ಕ್ಕಿಂತ ಇಳಿದರೆ ಪ್ರಮಾಣ ತಗ್ಗಿಸಲು ವೈದ್ಯರನ್ನು ಕೇಳಿ.

ಉಪ್ಪನ್ನು ಪೂರ್ತಿ ಬಿಟ್ಟು ಸಪ್ಪೆ ಉಣ್ಣುವುದರಿಂದ ಈ ರೋಗ ತಡೆಯುವುದಿಲ್ಲ. ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ ಹೊಟ್ಟೆ ತುಂಬ ಉಣ್ಣಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿದರಾಯಿತು. ತಂಬಾಕು ತಿಕ್ಕುವುದು, ಗುಟ್ಕಾ ಬಂದ್. 14ನೇ ವಾರದಿಂದ ಕ್ಯಾಲ್ಸಿಯಂ 500 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಊಟದ ಜೊತೆ. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರವಿರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ದಾರಿ ಮೊದಲೇ ಗೊತ್ತಿರಲಿ

ಪ್ರಿಎಕ್ಲಾಂಪ್ಸಿಯಾಕ್ಕೆ ಹೆರಿಗೆಯೇ ಮದ್ದು. 37 ವಾರಕ್ಕೆ, ಜೋರಾದರೆ ಅದಕ್ಕೂ ಮೊದಲು ಹೆರಿಗೆ ಮಾಡಿಸುತ್ತಾರೆ. ಆದ್ದರಿಂದ ಸಿಸೇರಿಯನ್, ರಕ್ತ, ಕೂಸಿನ ಐಸಿಯು ಇರುವ ಜಾಗ ಬೇಕು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಔರಾದ, ಚಿಂಚೋಳಿ, ಸುರಪುರದ ಹಳ್ಳಿಯಿಂದ ರಾತ್ರಿ ಹೊರಡುವುದು ಸಣ್ಣ ಮಾತಲ್ಲ, ಹೋಗುವ ಆಸ್ಪತ್ರೆ ಯಾವುದೆಂದು ಆಶಾ ಕಾರ್ಯಕರ್ತೆಯ ಜೊತೆ ಏಳನೇ ತಿಂಗಳಲ್ಲೇ ನಿಕ್ಕಿ ಮಾಡಿಕೊಳ್ಳಿ. ಕುಬುಸದ ಕಾರ್ಯ (ಸೀಮಂತ) ಮುಗಿಸಿ ತವರಿಗೆ ಹೋಗುವಾಗ, ಪುಣೆ ಬೆಂಗಳೂರಿಗೆ ದುಡಿಯಲು ಹೋಗುವಾಗ, ತಾಯಿ ಕಾರ್ಡ್ ಮತ್ತು ಗುಳಿಗೆ ಚೀಟಿ ಜೊತೆಗಿರಲಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಬಿಪಿ ಇದ್ದವರು ಅದಕ್ಕೇ ಕಾಯದೆ ವಾರಕ್ಕೊಮ್ಮೆ ತೋರಿಸಬೇಕು.

ಪ್ಯಾರಾಸಿಟಮಾಲ್‌ಗೆ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮುಂದೆ ಮಿಂಚಿದಂತಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ದಮ್ಮು ಹತ್ತುವುದು, ಮೂತ್ರ ಕಡಿಮೆಯಾಗುವುದು, ಕೂಸಿನ ಅಲುಗಾಟ ತಗ್ಗುವುದು: ಒಂದೇ ಕಂಡರೂ 108ಕ್ಕೆ ಫೋನ್ ಮಾಡಿ. ಪಕ್ಕೆ ನೋವನ್ನು ಗ್ಯಾಸು ಅಂತ ಸೋಡಾ ಕುಡಿಸಿ ಹೊತ್ತು ಕಳೆಯಬೇಡಿ.

ಝಟಕೆ (ಫಿಟ್ಸ್) ಬಂದರೆ ಎಡ ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಚಮಚ ಇಡಬೇಡಿ, ನೀರು ಹಾಕಬೇಡಿ. ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕೀಲಿ ಕೊಡುವುದು ಯಾವುದಕ್ಕೂ ಬರುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಝಟಕೆ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ನಿನ ಮೊದಲ ಡೋಸ್, ಎರಡೂ ಕುಂಡಿಗೆ 5 ಗ್ರಾಂನಂತೆ, ಹಾಕಿಸಿಕೊಂಡೇ ದೊಡ್ಡಾಸ್ಪತ್ರೆಗೆ ಹೊರಡಿ.

ಹೆರಿಗೆಯಾದ ಮೇಲೆ ಎಲ್ಲರೂ ಕೈ ಬಿಡುತ್ತಾರೆ, ಆದರೆ ಬಿಪಿ ಅತಿ ಹೆಚ್ಚು ಏರುವುದು 3ರಿಂದ 6ನೇ ದಿನದ ನಡುವೆ, ಅಂದರೆ ಮನೆಗೆ ಬಂದ ಮೇಲೆ. ಬಾಣಂತಿ ತಲೆನೋವು ಅಂದರೆ ‘ಥಂಡಿ ಹತ್ಯಾದ’ ಎಂದು ಕಿವಿಗೆ ಅರಳೆ ಇಡುವ ಮೊದಲು ಬಿಪಿ ನೋಡಿಸಿ. ಗುಳಿಗೆ ಯಾವಾಗ ಬಿಡಬೇಕೆಂದು ವೈದ್ಯರೇ ಹೇಳಲಿ. ಆರು ವಾರಕ್ಕೆ ಬಿಪಿ, ಮೂತ್ರ ಮತ್ತೆ ನೋಡಿಸಿ. ಮುಂದಿನ ಬಸುರಿನಲ್ಲಿ 12ನೇ ವಾರಕ್ಕೇ ಹಳೇ ತಾಯಿ ಕಾರ್ಡ್ ತೋರಿಸಬೇಕು. ಮತ್ತೆ ಬಾರದಂತೆ ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ 16 ವಾರದೊಳಗೆ ಶುರುವಾದರೇ ಚೆನ್ನಾಗಿ ಕೆಲಸ ಮಾಡುವುದು.