ಹಳೇ ಕೀಸುಳಿ ಯಾರು ಮಾಡಿದ್ದು, ಯಾವಾಗಿನದು: ಪತ್ತೆಯಾದದ್ದು ಹೀಗೆ

ಬಡಗಿಗಳು ಮರ ನುಣುಪು ಮಾಡುವ ಕಬ್ಬಿಣದ ಕೀಸುಳಿ. ಮೈ ಮೇಲೆ ‘ಬೈಲಿ’, ‘ನಂ. 5’ ಅಂತ ಎರಕದ ಅಕ್ಷರ. ಬ್ಲೇಡಿನ ಮುದ್ರೆಯನ್ನು ತುಕ್ಕು ತಿಂದಿದೆ. ಬ್ಲೇಡನ್ನು ಒತ್ತಿ ಹಿಡಿಯುವ ಮುಚ್ಚಳದ ಮೇಲೆ ಕಂಪನಿ ಹೆಸರೇ ಇಲ್ಲ.

ಫೋಟೊ ಹಾಕಿ ಹುಡುಕಿದ್ದು ದಂಡ. ಈ ವಿನ್ಯಾಸವನ್ನು ನಕಲು ಮಾಡಿದ ಕಂಪನಿಗಳು ಜಾಸ್ತಿ. ‘ಬೈಲಿ’ ಅಂತ ಹುಡುಕಿದರೆ ಸಿಗುವುದು ವಿನ್ಯಾಸ ಮಾಡಿದ ಲಿಯೊನಾರ್ಡ್ ಬೈಲಿ. ಅವರ ಪೇಟೆಂಟುಗಳನ್ನು ಅಮೆರಿಕದ ಉಪಕರಣ ತಯಾರಕ ಸ್ಟ್ಯಾನ್ಲಿ ಕಂಪನಿ 1869ರಲ್ಲೇ ಕೊಂಡಿತ್ತು. ಇನ್ನು ಬ್ಲೇಡನ್ನು ನಂಬುವ ಹಾಗಿಲ್ಲ, ಸವೆದ ಮೇಲೆ ಬೇರೆ ಹಾಕಿರುತ್ತಾರೆ.

ಉತ್ತರ ಇದ್ದದ್ದು ಎರಕದ ಮೈಯಲ್ಲೇ. ಮುಚ್ಚಳ, ಬ್ಲೇಡ್ ಎರಡನ್ನೂ ತೆಗೆಯಿರಿ. ಬ್ಲೇಡ್ ಕೂರುವ ಪೀಠದ ಹಿಂದೆ, ಹಿಡಿಯ ಮುಂದೆ ಸಣ್ಣ ಜಾಗ ಇದೆ. ಅಲ್ಲಿಗೆ ಸೀಮೆಎಣ್ಣೆ ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬೇಡವೇ ಬೇಡ. ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ಸವರಿ. ಟಾರ್ಚನ್ನು ಮೇಲಿಂದಲ್ಲ, ಪಕ್ಕದಿಂದ ಹಿಡಿಯಿರಿ.

ಮೂರು ಪೇಟೆಂಟ್ ತಾರೀಖು ಕಂಡವು: 1902ರ ಮಾರ್ಚ್ 25, ಆಗಸ್ಟ್ 19, ಮತ್ತೆ 1910ರ ಏಪ್ರಿಲ್ ಹತ್ತರ ಮೇಲೆ ಎಷ್ಟೋ. ಕೊನೆಯ ಅಂಕಿ ಮಸುಕು. ಅಮೆರಿಕದ ಪೇಟೆಂಟ್ ಕೊಡುತ್ತಿದ್ದದ್ದು ಮಂಗಳವಾರ. ಆ ತಿಂಗಳ ಕ್ಯಾಲೆಂಡರ್ ನೋಡಿದರೆ 12 ಅಥವಾ 19 ಮಾತ್ರ ಸಾಧ್ಯ. ಅಂಕಿಯ ತಲೆ ದುಂಡಗೆ ಮುಚ್ಚಿತ್ತು, ಹಾಗಾಗಿ 19. ಈ ಮೂರೂ ಸ್ಟ್ಯಾನ್ಲಿ ಪೇಟೆಂಟುಗಳ ತಾರೀಖು.

ಪೇಟೆಂಟ್ ತಾರೀಖು ತಯಾರಾದ ವರ್ಷವಲ್ಲ, ‘ಇದಕ್ಕಿಂತ ಹಳೆಯದಲ್ಲ’ ಅಂತಷ್ಟೇ ಅರ್ಥ. ಕೀಸುಳಿಯ ಮುಂತುದಿಯಲ್ಲಿ ಕೈಗೆ ಹಿಡಿಯುವ ಗುಬ್ಬಿ ಗಿಡ್ಡ. ಎತ್ತರದ ಗುಬ್ಬಿ ಬಂದದ್ದು 1919ರ ಸುಮಾರಿಗೆ. ಮುಚ್ಚಳದ ಮೇಲೆ ಸ್ಟ್ಯಾನ್ಲಿ ಹೆಸರು ಬಂದದ್ದು 1925ರ ಹೊತ್ತಿಗೆ. ಹಾಗಾಗಿ ಇದು ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ, 1910ರಿಂದ 1918ರ ಒಳಗಿನದು.