2.20 ಎಕರೆ ಎಂದರೆ ಎಷ್ಟು? ಸಮೀಕ್ಷೆಯ ದತ್ತಾಂಶವನ್ನು ಕಂಪ್ಯೂಟರಿಗೆ ಕೊಡುವ ಸರಿಯಾದ ಬಗೆ

ಆಳಂದ, ಜೇವರ್ಗಿ, ಸೇಡಂ ಕಡೆಯ ಹಳ್ಳಿಗಳಲ್ಲಿ ತೊಗರಿ ಸಮೀಕ್ಷೆ ಮುಗಿಸಿ ಕಲಬುರಗಿಗೆ ಮರಳುವ ಸಂಶೋಧನಾ ವಿದ್ಯಾರ್ಥಿಗಳು ಅದೇ ಸಂಜೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಕೋಷ್ಟಕ) ಕಡತವನ್ನು ಪೈಥಾನ್ ಭಾಷೆಯ ದತ್ತಾಂಶ ಲೈಬ್ರರಿಯಾದ ಪಾಂಡಾಸ್‌ಗೆ ಕೊಟ್ಟು ಸರಾಸರಿ ತೆಗೆಯಲು ಕೂರುವುದನ್ನು ನೋಡುತ್ತಲೇ ಇದ್ದೇನೆ. ಯಾವ ಕಾಲಂ ಸಂಖ್ಯೆ, ಯಾವುದು ಅಕ್ಷರ, ಯಾವುದು ದಿನಾಂಕ ಎಂದು ಯಾರೂ ಹೇಳುವುದಿಲ್ಲ. ತಂತ್ರಾಂಶ ತಾನೇ ಊಹಿಸಿಕೊಳ್ಳುತ್ತದೆ. ಊಹೆ ತಪ್ಪಿದಾಗ ದೋಷದ ಸಂದೇಶ ಬಂದರೆ ಪುಣ್ಯ. ಹೆಚ್ಚಿನ ಸಲ ಅದು ಬರುವುದಿಲ್ಲ, ತಪ್ಪು ಉತ್ತರ ಪ್ರಬಂಧದ ಕೋಷ್ಟಕಕ್ಕೆ ಸೇರಿಬಿಡುತ್ತದೆ. ದತ್ತಾಂಶದ ಪ್ರಕಾರವನ್ನು ನಾವೇ ಗೊತ್ತುಪಡಿಸಬೇಕು, ಬಂದದ್ದು ಆ ಪ್ರಕಾರದ್ದೇ ಎಂದು ಪರೀಕ್ಷಿಸಬೇಕು.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್. ಪ್ರತಿ ಕಾಲಮ್ಮಿಗೂ ಹೆಸರು, ಪ್ರಕಾರ, ಅಳತೆಯ ಮಾನ, ಕನಿಷ್ಠ, ಗರಿಷ್ಠ, ಖಾಲಿ ಇರಬಹುದೇ ಎಂಬುದನ್ನು ಬರೆದಿಡಿ. ಇಲ್ಲಿ ಒಂದು ನಿಯಮ ಪಾಲಿಸಿ: ಕೂಡಿಸುವ, ಸರಾಸರಿ ತೆಗೆಯುವ ಪ್ರಶ್ನೆಯೇ ಇಲ್ಲದ ಸಂಖ್ಯೆಯನ್ನು ಅಕ್ಷರವೆಂದೇ ನಮೂದಿಸಿ. ಪಿನ್ ಕೋಡ್, ಬ್ಯಾಂಕ್ ಖಾತೆ, ಗ್ರಾಮದ ಸಂಕೇತ, ಸರ್ವೆ ನಂಬರ್ ಎಲ್ಲವೂ ಅಕ್ಷರ. ಎಕ್ಸೆಲ್ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ.

ಎಕ್ಸೆಲ್ ಮಾತು ಬಂತು, ಹೇಳಿಬಿಡುತ್ತೇನೆ. ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ‘ಸುಮ್ಮನೆ ನೋಡೋಣ’ ಎಂದೂ ತೆರೆಯಬೇಡಿ. ಪಹಣಿಯಲ್ಲಿ 12/3 ಎಂದಿರುವ ಸರ್ವೆ ನಂಬರ್ ಅಲ್ಲಿ ಮಾರ್ಚ್ 12 ಆಗುತ್ತದೆ, ಉಳಿಸಿದರೆ ಹಾಗೆಯೇ ಉಳಿಯುತ್ತದೆ. ಜೀನ್‌ಗಳ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳಾಗಿ ಮಾಡುತ್ತಿದ್ದುದರಿಂದ ವಿಜ್ಞಾನಿಗಳು 2020ರಲ್ಲಿ ಆ ಹೆಸರುಗಳನ್ನೇ ಬದಲಿಸಬೇಕಾಯಿತು. ಮಾರ್ಚ್1 ಎಂಬ ಜೀನ್ ಈಗ ಮಾರ್ಚ್‌ಎಫ್1. ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯಲೇಬೇಕಾದರೆ ‘ಡೇಟಾ’ ಪಟ್ಟಿಯಿಂದ ಆಮದು ಮಾಡಿ, ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದು ಗುರುತಿಸಿ. ಸಿಎಸ್‌ವಿ ಸ್ವಚ್ಛಗೊಳಿಸಿಕೊಡುತ್ತೇವೆ ಎನ್ನುವ ಉಚಿತ ಜಾಲತಾಣಗಳ ಸಹವಾಸ ಬೇಡ. ಏನನ್ನು ಬದಲಿಸಿದೆವು ಎಂದು ಅವು ಹೇಳುವುದಿಲ್ಲ, ರೈತರ ವಿವರವೂ ಅವರ ಕೈ ಸೇರುತ್ತದೆ.

ಎರಡನೆಯ ಹೆಜ್ಜೆ ಸುಲಭ: ಪಾಂಡಾಸ್‌ನಲ್ಲಿ ಕಡತ ಓದುವಾಗ ಪ್ರಕಾರವನ್ನು ಹೇಳುವ ‘ಡಿಟೈಪ್’ ಎಂಬಲ್ಲಿ ‘ಸ್ಟ್ರಿಂಗ್’ ಎಂದು ಕೊಟ್ಟು ಎಲ್ಲವನ್ನೂ ಅಕ್ಷರವಾಗಿ ಓದಿಸಿ.

ಮೂರನೆಯದು ಪರಿವರ್ತನೆ. ಎಡವುವುದು ಇಲ್ಲಿಯೇ, ಅದರಲ್ಲೂ ಜಮೀನಿನ ವಿಸ್ತೀರ್ಣದ ಕಾಲಮ್ಮಿನಲ್ಲಿ. ನಮ್ಮ ರೈತರು ಎರಡು ಎಕರೆ ಇಪ್ಪತ್ತು ಗುಂಟೆ ಎನ್ನುತ್ತಾರೆ, ಸಮೀಕ್ಷಕರು 2.20 ಎಂದು ಬರೆಯುತ್ತಾರೆ. ಎಕರೆಗೆ 40 ಗುಂಟೆ. ಆದ್ದರಿಂದ ಅದು 2.5 ಎಕರೆ. ದಶಮಾಂಶವೆಂದು ಓದಿದ ತಂತ್ರಾಂಶಕ್ಕೆ ಅದು 2.2. ಆ ಹೊಲದಲ್ಲಿ 15 ಕ್ವಿಂಟಲ್ ತೊಗರಿ ಬಂದಿದ್ದರೆ ನಿಜವಾದ ಇಳುವರಿ ಎಕರೆಗೆ 6 ಕ್ವಿಂಟಲ್. ಲೆಕ್ಕದಲ್ಲಿ ಬರುವುದು 6.8. ಎರಡು ತುಂಡು ಹೊಲ, ತಲಾ 1.30 ಎಂದುಕೊಳ್ಳಿ. ತಂತ್ರಾಂಶ ಕೂಡಿಸಿ 2.60 ಎನ್ನುತ್ತದೆ. ನಿಜವಾಗಿ ಅದು ಮೂರು ಎಕರೆ ಇಪ್ಪತ್ತು ಗುಂಟೆ. ಇನ್ನೊಂದು ಹಾನಿಯನ್ನು ಆಮೇಲೆ ಸರಿಪಡಿಸಲೂ ಆಗದು: 2.20 ಒಮ್ಮೆ ದಶಮಾಂಶವಾಗಿ 2.2 ಆದ ಮೇಲೆ ಅದು ಇಪ್ಪತ್ತು ಗುಂಟೆಯೋ ಎರಡು ಗುಂಟೆಯೋ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಎಲ್ಲವನ್ನೂ ಅಕ್ಷರವಾಗಿ ಓದಿಸಿ ಎಂದದ್ದು ಇದಕ್ಕೇ.

ಹಾಗಾಗಿ ಆ ಅಕ್ಷರಸಾಲನ್ನು ಚುಕ್ಕಿಯ ಬಳಿ ಒಡೆಯಿರಿ. ಎಡಭಾಗ ಎಕರೆ, ಬಲಭಾಗ ಗುಂಟೆ. ಎರಡನ್ನೂ ಪೂರ್ಣಾಂಕ ಮಾಡಿ, ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ. ಮೊದಲು ದಶಮಾಂಶ ಮಾಡಿಕೊಂಡು ಎಕರೆ ಕಳೆದು ನೂರರಿಂದ ಗುಣಿಸುವ ಅಡ್ಡದಾರಿ ಹಿಡಿಯಬೇಡಿ: 1.15ರಿಂದ 1 ಕಳೆದು 100ರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ ಪೈಥಾನ್ 14 ಕೊಡುತ್ತದೆ, 15 ಅಲ್ಲ. 0.15 ಎಂಬುದು ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ.

ಈಗ ಪರೀಕ್ಷೆ. ಚುಕ್ಕಿಯ ನಂತರ ಸರಿಯಾಗಿ ಎರಡು ಅಂಕಿ ಇರಲೇಬೇಕು, 2.5 ಎಂದು ಬಂದರೆ ತಿರಸ್ಕರಿಸಿ. ಗುಂಟೆ 39 ದಾಟಬಾರದು. 2.50 ಅಥವಾ 2.75 ಕಂಡರೆ ಆ ಸಮೀಕ್ಷಕರು ಎಕರೆಯನ್ನು ದಶಮಾಂಶದಲ್ಲಿ ಬರೆದಿದ್ದಾರೆಂದು ಅರ್ಥ. ಆಗ ಆ ಒಂದು ಸಾಲನ್ನು ಮಾತ್ರ ತೆಗೆದರೆ ಸಾಲದು. ಅವರೇ ಬರೆದ 2.25 ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಅವರ ಮನಸ್ಸಿನಲ್ಲಿದ್ದದ್ದು ಎರಡೂಕಾಲು ಎಕರೆ, ಅಂದರೆ ಎರಡು ಎಕರೆ ಹತ್ತು ಗುಂಟೆ. ಆ ಸಮೀಕ್ಷಕರ ಎಲ್ಲ ಸಾಲುಗಳನ್ನೂ ಪಕ್ಕಕ್ಕಿಟ್ಟು ಅವರನ್ನೇ ಕೇಳಿ. ಮುಂದಿನ ಸಮೀಕ್ಷೆಗೆ ನಮೂನೆಯಲ್ಲೇ ಎಕರೆಗೊಂದು, ಗುಂಟೆಗೊಂದು ಮನೆ ಮಾಡಿಸಿ.

ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದ ಕಡತಗಳೂ ಬರುತ್ತವೆ, ಬರಲಿ; ಅಕ್ಷರವನ್ನು ಪೂರ್ಣಾಂಕ ಮಾಡುವ ಪೈಥಾನಿನ ‘ಇಂಟ್’ ೨೦ ಎಂಬುದನ್ನು 20 ಎಂದೇ ಓದುತ್ತದೆ. ತೊಡಕಾಗುವುದು ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿದಾಗ. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ಅಲ್ಲಿ ‘ಇಂಟ್’ ನಿಂತುಬಿಡುತ್ತದೆ, ನಿಲ್ಲಬೇಕು ಕೂಡ. ಬೇಸರಪಟ್ಟು ಪಾಂಡಾಸ್‌ನ ಸಂಖ್ಯಾ ಪರಿವರ್ತನೆಯ ‘ಎರರ್ಸ್’ ಆಯ್ಕೆಗೆ ‘ಕೋಅರ್ಸ್’ ಎಂದು ಕೊಡುವವರಿದ್ದಾರೆ. ಅದು ಓದಲಾಗದ ಪ್ರತಿಯೊಂದನ್ನೂ ಸದ್ದಿಲ್ಲದೆ ಖಾಲಿ ಮಾಡುತ್ತದೆ. ಅದರ ಹಿಂದೆಯೇ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬುವುದಂತೂ ಅಕ್ಷಮ್ಯ: ರೈತನಿಗೆ ಜಮೀನೇ ಇಲ್ಲವೆಂದು ಬರೆದಂತಾಯಿತು.

ದಿನಾಂಕಕ್ಕೆ ದಿನ, ತಿಂಗಳು, ವರ್ಷದ ಕ್ರಮವನ್ನು ಬಿಡಿಸಿ ಹೇಳಿ; ಇಲ್ಲವಾದರೆ 03/07/2024 ಪಾಂಡಾಸ್‌ಗೆ ಮಾರ್ಚ್ 7. ಕುಟುಂಬದ ಸದಸ್ಯರಂತಹ ಪೂರ್ಣಾಂಕದ ಕಾಲಮ್ಮಿನಲ್ಲಿ ಖಾಲಿ ಇರಬಹುದಾದರೆ ಖಾಲಿಯನ್ನೂ ಒಪ್ಪುವ, ಇಂಗ್ಲಿಷ್ ದೊಡ್ಡಕ್ಷರದಿಂದ ಶುರುವಾಗುವ ‘ಇಂಟ್64’ ಬಳಸಿ. ಜಾಗ ಉಳಿಸಲು ‘ಇಂಟ್16’ಕ್ಕೆ ಇಳಿಯಬೇಡಿ. ಅದರ ಗರಿಷ್ಠ 32,767. ಪೈಥಾನಿನ ಲೆಕ್ಕದ ಲೈಬ್ರರಿ ನಮ್‌ಪೈಯಲ್ಲಿ ಆ ಪ್ರಕಾರದ ಎರಡು ಕಾಲಂಗಳ 20,000ಗಳನ್ನು ಕೂಡಿಸಿದರೆ ಮೈನಸ್ 25,536 ಬರುತ್ತದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ನಾಶವಾದದ್ದು 64 ಬಿಟ್‌ನ ದಶಮಾಂಶವನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕಲು ಹೋಗಿ.

ನಾಲ್ಕನೆಯದು ಮಿತಿಗಳ ಪರೀಕ್ಷೆ. ಪ್ರಕಾರ ಸರಿಯಿದ್ದ ಮಾತ್ರಕ್ಕೆ ಮೌಲ್ಯ ಸರಿಯೆಂದಲ್ಲ. ಮಣ್ಣಿನ ಪಿಎಚ್ 0ರಿಂದ 14ರೊಳಗೆ ಇರಬೇಕು ಎಂದಷ್ಟೇ ಬರೆದರೆ 8.0 ಬದಲು 80 ಎಂದು ಬಂದದ್ದನ್ನು ಹಿಡಿಯಬಹುದು, 5.8 ಮತ್ತು 8.5 ಅದಲುಬದಲಾದುದನ್ನು ಹಿಡಿಯಲಾಗದು. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರೀಯ, ಆದ್ದರಿಂದ 6.5ಕ್ಕಿಂತ ಕಡಿಮೆಯದನ್ನು ಮತ್ತೆ ನೋಡಲು ಗುರುತು ಹಾಕಿ. ಮಳೆ ಕಡತಗಳಲ್ಲಿ ಮೈನಸ್ 999 ಎಂದರೆ ಅಳತೆ ಇಲ್ಲ ಎಂದರ್ಥ, ಓದುವಾಗಲೇ ಅದನ್ನು ಖಾಲಿ ಎಂದು ಘೋಷಿಸಿ. ಜಿಲ್ಲೆಯ ಕಾಲಮ್ಮಿಗೆ ಒಪ್ಪಿತ ಹೆಸರುಗಳ ಪಟ್ಟಿ ಕೊಡಿ: 2014ರ ನವೆಂಬರ್‌ಗೆ ಮುಂಚಿನ ಕಡತಗಳಲ್ಲಿ ಗುಲ್ಬರ್ಗ ಎಂದಿದ್ದು ಈಚಿನವುಗಳಲ್ಲಿ ಕಲಬುರಗಿ ಎಂದಿದ್ದರೆ ಒಂದೇ ಜಿಲ್ಲೆ ಎರಡಾಗಿ ಎಣಿಕೆಯಾಗುತ್ತದೆ. ಕಾಲಂಗಳನ್ನು ಒಂದಕ್ಕೊಂದು ತಾಳೆ ನೋಡುವುದನ್ನೂ ಬಿಡಬೇಡಿ, ಬಿತ್ತಿದ ವಿಸ್ತೀರ್ಣ ಒಟ್ಟು ಹಿಡುವಳಿಯನ್ನು ಮೀರಬಾರದು.

ಇವನ್ನೆಲ್ಲ ಬರೆಯಲು ಪಾಂಡೆರಾ ಎಂಬ ಉಚಿತ ಲೈಬ್ರರಿ ನನ್ನ ಆಯ್ಕೆ. ಕಾಗದದ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಅದರಲ್ಲಿ ಕೂರುತ್ತದೆ. ಷರತ್ತು ತಪ್ಪಿದರೆ ಓಟ ನಿಲ್ಲಿಸುವ ಬರೀ ‘ಅಸರ್ಟ್’ ಸಾಲುಗಳನ್ನು ನೆಚ್ಚಬೇಡಿ, ಪೈಥಾನನ್ನು ‘ಓ’ ಆಯ್ಕೆಯೊಂದಿಗೆ ಓಡಿಸಿದರೆ ಅವು ಕೆಲಸವನ್ನೇ ಮಾಡುವುದಿಲ್ಲ.

ತಿರಸ್ಕೃತ ಸಾಲುಗಳನ್ನು ಅಳಿಸಬೇಡಿ. ಸಾಲಿನ ಸಂಖ್ಯೆ, ಬಂದಾಗ ಇದ್ದ ರೂಪ, ತಿರಸ್ಕಾರದ ಕಾರಣ, ಈ ಮೂರೂ ಇರುವ ಬೇರೆ ಕಡತ ಮಾಡಿ ಸಮೀಕ್ಷಕರಿಗೆ ಕಳಿಸಿ. ಉತ್ತರ ಬಂದ ಮೇಲೆ ತಿದ್ದಿ, ಇಡೀ ಪರೀಕ್ಷೆಯನ್ನು ಮೊದಲಿನಿಂದ ಓಡಿಸಿ. ಪಾಸಾದ ದತ್ತಾಂಶವನ್ನು ಪಾರ್ಕೆಟ್ ರೂಪದಲ್ಲಿ ಉಳಿಸಿ. ಸಿಎಸ್‌ವಿಯಂತೆ ಅದು ಪ್ರಕಾರಗಳನ್ನು ಮರೆಯುವುದಿಲ್ಲ.